ಅಪ್ಪ ಬಿಡೋ ದ್ರಾಕ್ಷಿ ಸಿಪ್ಪೆ

ಅಪ್ಪ ದ್ರಾಕ್ಷಿ ತಿನ್ನೋಕೆ ಕೂತರೆ ತಟ್ಟೆಯ ಅಂಚಿಗೆ ಸಿಪ್ಪೆ ಸಾಲಾಗಿ ಕೂರುತ್ತದೆ. ಬೆಂಗಳೂರು ಬ್ಲೂ ಗೊತ್ತಲ್ವಾ? ಒತ್ತಿದರೆ ತಿರುಳು ಪುಳಕ್ಕಂತ ಬಾಯಿಗೆ ಹೋಗುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ನನ್ನ ಹೆಸರು ಮರೆತರೂ ಇದನ್ನು ಆ ಕೈ ಮರೆತಿಲ್ಲ. ಚಿಕ್ಕಬಳ್ಳಾಪುರದ ಹತ್ತಿರ ನಮ್ಮದೂ ಒಂದು ತೋಟ ಇತ್ತು. ಅಪ್ಪನದು ಆಲ್ಜೈಮರ್, ಅಂದರೆ ಮರೆವಿನ ಕಾಯಿಲೆ, ಅಂತ ಡಾಕ್ಟರ್ ಹೇಳಿ ಈಗ ಎರಡು ವರ್ಷ.

ಹೋದ ವಾರ ಮಾವ ಬಂದಿದ್ದರು. "ಔಷಧಿ ಎಲ್ಲ ಸಿಪ್ಪೇಲೇ ಇರೋದು ಕಣಮ್ಮ, ನೀನು ಅದನ್ನೇ ತಿಪ್ಪೆಗೆ ಹಾಕ್ತೀಯಲ್ಲ" ಅಂದರು.

ಪೂರ್ತಿ ಸುಳ್ಳಲ್ಲ. ಕಪ್ಪು ದ್ರಾಕ್ಷಿಯ ಸಿಪ್ಪೆಯಲ್ಲಿ ರೆಸ್ವೆರಾಟ್ರಾಲ್ ಅನ್ನೋ ಒಂದು ರಾಸಾಯನಿಕ ಇದೆ. ಅಮೆರಿಕದಲ್ಲಿ ಆಲ್ಜೈಮರ್ ಇದ್ದ 119 ಜನರ ಮೇಲೆ 52 ವಾರ ಇದನ್ನು ಪರೀಕ್ಷೆ ಮಾಡಿ, 2015ರಲ್ಲಿ ಫಲಿತಾಂಶ ಹೇಳಿದರು. ಈ ಕಾಯಿಲೆಗೆ ಸಂಬಂಧಪಟ್ಟ ಅಮಿಲಾಯ್ಡ್ ಅನ್ನೋ ಪ್ರೋಟೀನ್‌ನ ಒಂದು ಬಗೆಯ ಅಳತೆಯಲ್ಲಿ ವ್ಯತ್ಯಾಸ ಏನೋ ಕಂಡಿತು, ಆದರೆ ರೆಸ್ವೆರಾಟ್ರಾಲ್ ತಿಂದವರ ಮಿದುಳಿನ ಗಾತ್ರ ಔಷಧಿ ಇಲ್ಲದ ಹುಸಿ ಮಾತ್ರೆ ತಿಂದವರಿಗಿಂತ ಜಾಸ್ತಿ ಕುಗ್ಗಿತ್ತು. ಕೊನೆಕೊನೆಗೆ ಕೊಟ್ಟಿದ್ದು ದಿನಕ್ಕೆ 2 ಗ್ರಾಂ. ಒಂದು ಕೆಜಿ ದ್ರಾಕ್ಷಿಯಲ್ಲಿ ಸಿಗೋದು ಕೆಲವೇ ಮಿಲಿಗ್ರಾಂ. ಲೆಕ್ಕ ಹಾಕಿದರೆ ಅಪ್ಪ ದಿನಾ ಟೆಂಪೋ ಖಾಲಿ ಮಾಡಬೇಕು!

ಮಾವ ಬರಿಗೈಲಿ ಬಂದಿರಲಿಲ್ಲ, ಅರಿಶಿನದ ಕ್ಯಾಪ್ಸೂಲ್ ಡಬ್ಬಿ ತಂದಿದ್ದರು, ಮೆಣಸಿನ ಸತ್ವ ಸೇರಿಸಿರೋದು. ಅರಿಶಿನದಲ್ಲಿರೋ ಕರ್ಕ್ಯುಮಿನ್ ಅನ್ನೋ ಅಂಶ ಇಲಿಗಳಲ್ಲಿ ಚೆನ್ನಾಗೇ ಕೆಲಸ ಮಾಡಿದೆ. ಮನುಷ್ಯರ ಕಥೆ ಬೇರೆ. 2012ರ ಒಂದು ಪರೀಕ್ಷೆಯಲ್ಲಿ 36 ರೋಗಿಗಳನ್ನು ಸೇರಿಸಿಕೊಂಡು, 24 ವಾರ ಕೆಲವರಿಗೆ ಹುಸಿ ಮಾತ್ರೆ, ಉಳಿದವರಿಗೆ ದಿನಕ್ಕೆ 2 ಇಲ್ಲವೇ 4 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದರು, ಉಪಯೋಗ ಕಾಣಲಿಲ್ಲ. 2018ರಲ್ಲಿ ಇನ್ನೊಂದು ಪರೀಕ್ಷೆಯಲ್ಲಿ ನೆನಪಿನ ಶಕ್ತಿ ಸುಧಾರಿಸಿತು, ಆದರೆ ಅದರಲ್ಲಿದ್ದ 40 ಜನಕ್ಕೆ ಈ ಕಾಯಿಲೆಯೇ ಇರಲಿಲ್ಲ.

ಕರ್ಕ್ಯುಮಿನ್ ರಕ್ತಕ್ಕೆ ಸೇರೋದೇ ಕಷ್ಟ. ಮೆಣಸಿನ ಖಾರದ ಅಂಶವಾದ ಪೈಪರಿನ್ ಜೊತೆ ಕೊಟ್ಟರೆ ಸುಮಾರು 20 ಪಟ್ಟು ಜಾಸ್ತಿ ಸೇರುತ್ತದೆ ಅಂತ 1998ರಲ್ಲಿ ತೋರಿಸಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು. ಓದಿ ಖುಷಿಯಾಯಿತು, ಅಜ್ಜಿಯ ಮೆಣಸಿನ ಸಾರಿಗೆ ಪದಕ ಬಂದ ಹಾಗೆ. ಆದರೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರೋದು ನೂರಕ್ಕೆ ಮೂರರಷ್ಟು. ಸಾರಿಗೆ ಹಾಕೋ ಚಿಟಿಕೆಯಲ್ಲಿ ಏನು ಬಂದೀತು?

ನನಗೆ ಭಯ ಇರೋದು ಡಬ್ಬಿಯ ಬಗ್ಗೆ. ಪೈಪರಿನ್ ಬೇರೆ ಮಾತ್ರೆಗಳು ಮೈಯಲ್ಲಿ ಕರಗೋ ರೀತಿಯನ್ನೂ ಬದಲಿಸಬಲ್ಲದು. ಅಪ್ಪ ಬಿಪಿಗೆ ಒಂದು, ಮರೆವಿಗೆ ಒಂದು ನುಂಗುತ್ತಾರೆ. ಇಂಥ ಕ್ಯಾಪ್ಸೂಲ್ ತಿಂದು ಲಿವರ್ ಕೆಟ್ಟವರೂ ಇದ್ದಾರೆ. ಅಡುಗೆಮನೆಯದು ಅಂದಮಾತ್ರಕ್ಕೆ ಸುಮ್ನೆ ಕೊಟ್ಟುಬಿಡೋಕಾಗಲ್ಲ.

"ಮೊದಲೇ ಕೊಟ್ಟಿದ್ದಿದ್ರೆ ಹಿಂಗಾಗ್ತಿರಲಿಲ್ಲ" ಅಂತ ಹೊರಡುವಾಗ ಮಾವ ಅಂದಿದ್ದು ಮಾತ್ರ ಚುಚ್ಚಿತು. ಅರಿಶಿನ ಹಾಕದೆ ನಮ್ಮನೇಲಿ ಯಾವ ದಿನ ಸಾರು ಆಗಿದೆ?

ಡಬ್ಬಿ ಫ್ರಿಜ್ ಮೇಲಿದೆ, ಮುಂದಿನ ಸಲ ಡಾಕ್ಟರಿಗೆ ತೋರಿಸಬೇಕು. ನಿನ್ನೆ ಸಂತೆಯಿಂದ ಒಂದು ಕೆಜಿ ದ್ರಾಕ್ಷಿ ತಂದೆ. ಅಪ್ಪ ಎರಡು ತಿಂದು, ಮೂರನೆಯದರ ಸಿಪ್ಪೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಇನ್ನೊಂದು ವಾರ ಬಿಡಬೇಕಿತ್ತು, ಅವಸರಕ್ಕೆ ಕಿತ್ತವ್ರೆ" ಅಂದರು. ನಿಜ, ಹುಳಿ ಇತ್ತು.