ಹಲ್ಲಿನ ಇಂಪ್ಲಾಂಟ್ ಸುತ್ತ ಕೀವು: ಜೆಲ್ ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ

"ಡಾಕ್ಟ್ರೇ, ನ್ಯಾನೋ ಕೋಟಿಂಗ್ ಇರೋದೇ ಹಾಕಿ, ಆಮೇಲೆ ಇನ್ಫೆಕ್ಷನ್ ಆಗಬಾರದು" ಎಂದು ಕೇಳುವವರು ಮಡಿಕೇರಿ, ವಿರಾಜಪೇಟೆಯಲ್ಲೂ ಇದ್ದಾರೆ. ರೋಗಾಣು ಕೊಲ್ಲುವ ಅತಿಸೂಕ್ಷ್ಮ ಲೇಪವಿರುವ ಇಂಪ್ಲಾಂಟ್ ಅವರಿಗೆ ಬೇಕು. ಆಸೆ ಸರಿಯೇ. ಆದರೆ ರೋಗಾಣು ಒಳಗಿಳಿಯುವ ದಾರಿ ಯಾವುದು ಎಂದು ಮೊದಲು ತಿಳಿಯಬೇಕು.

ಸ್ವಂತ ಹಲ್ಲಾದರೆ ಒಸಡಿನ ನಾರುಗಳು ಬೇರಿನೊಳಕ್ಕೆ ನಾಟಿಕೊಂಡು ಬೇಲಿಯಂತೆ ನಿಂತಿರುತ್ತವೆ. ಇಂಪ್ಲಾಂಟ್ ಎಂದರೆ ಬೇರಿನ ಬದಲು ಮೂಳೆಗೆ ಕೂರಿಸುವ ಟೈಟಾನಿಯಂ ಸ್ಕ್ರೂ. ಅದರ ಪಕ್ಕದಲ್ಲಿ ನಾರುಗಳು ಬರೀ ಒರಗಿಕೊಂಡಿರುತ್ತವೆ, ನಾಟಿರುವುದಿಲ್ಲ. ಅಂಚಿನಲ್ಲಿ ಬ್ಯಾಕ್ಟೀರಿಯಾ ಕಟ್ಟಿದ ಲೋಳೆಪದರ ಸಲೀಸಾಗಿ ಕೆಳಗಿಳಿಯುತ್ತದೆ. ಒಸಡಷ್ಟೇ ಊದಿ ರಕ್ತ ಬರುವಾಗ ಸ್ವಚ್ಛ ಮಾಡಿದರೆ ವಾಸಿಯಾಗುತ್ತದೆ. ಮೂಳೆ ಕರಗಿದ ಮೇಲೆ ಹೋದದ್ದು ತಾನಾಗಿ ಮರಳುವುದಿಲ್ಲ.

ಒಸಡಿನ ಸಂದಿಗೆ ತುಂಬುವ ಆ್ಯಂಟಿಬಯಾಟಿಕ್ ಜೆಲ್ ಆ ಲೋಳೆಪದರವನ್ನು ಕಿತ್ತು ಹಾಕುವುದಿಲ್ಲ. ಪದರದೊಳಗೆ ಅಡಗಿದ ಬ್ಯಾಕ್ಟೀರಿಯಾಕ್ಕೆ ಔಷಧಿ ಸರಿಯಾಗಿ ತಾಗುವುದೂ ಇಲ್ಲ. ಆದ್ದರಿಂದ ದಂತವೈದ್ಯರು ಮೊದಲು ಕೆರೆದು ತೆಗೆಯಬೇಕು, ಅದೂ ಪ್ಲಾಸ್ಟಿಕ್ ಅಥವಾ ಟೈಟಾನಿಯಂ ತುದಿಯಿಂದ. ಸ್ಟೀಲ್ ಸ್ಕೇಲರ್ ಗೀರು ಬಿಡುತ್ತದೆ, ಗೀರಿನಲ್ಲಿ ಮತ್ತೆ ಪದರ ಕಟ್ಟುತ್ತದೆ. ಕ್ಯಾಪ್ (ಸ್ಕ್ರೂ ಮೇಲೆ ಕೂರುವ ಕೃತಕ ಹಲ್ಲು) ಅಂಟಿಸಿದ ಸಿಮೆಂಟ್ ಒಸಡಿನಡಿ ಉಳಿದಿದ್ದರೆ ಅದನ್ನೂ ತೆಗೆಯಬೇಕು. ಅದಿರುವ ತನಕ ಯಾವ ಜೆಲ್ ಹಾಕಿದರೂ ದಂಡ.

ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ಕಿನ ಶೇ. 10ರ ಜೆಲ್ ಎರಡು ಸಿರಿಂಜ್‌ಗಳಲ್ಲಿ ಬರುತ್ತದೆ. ಎರಡನ್ನೂ ಜೋಡಿಸಿ 100 ಸಲ ಅತ್ತಿತ್ತ ದೂಡಿ ಬೆರೆಸಬೇಕು. ಮೊಂಡು ಸೂಜಿಯನ್ನು ಒಸಡಿನ ಸಂದಿನ ತಳಕ್ಕೆ ಮುಟ್ಟಿಸಿ, ತುಂಬುತ್ತಾ ನಿಧಾನವಾಗಿ ಮೇಲಕ್ಕೆಳೆಯಬೇಕು. ಜೆಲ್ ಅಂಚಿಗೆ ಬಂದಾಗ ನಿಲ್ಲಿಸಬೇಕು. ಮೇಲಿನಿಂದ ತುಂಬಿದರೆ ತಳದಲ್ಲಿ ಗಾಳಿ ಸಿಕ್ಕಿಕೊಂಡು, ಬೇಕಾದ ಜಾಗಕ್ಕೇ ಮದ್ದು ತಲುಪುವುದಿಲ್ಲ. ಈ ಜೆಲ್ ತೇವಕ್ಕೆ ಗಟ್ಟಿಯಾಗುತ್ತದೆ, ಅದೇ ಅದರ ಗುಣ. 5 ಮಿ.ಮೀ. ಆಳದ ಸಂದಿನಲ್ಲಿ ಒಸರುವ ದ್ರವ ಗಂಟೆಗೆ ಸುಮಾರು 40 ಸಲ ಬದಲಾಗುವುದರಿಂದ ನೀರಾದ ಮದ್ದು ನಿಲ್ಲುವುದೇ ಇಲ್ಲ. ಆ ಜಾಗಕ್ಕೆ 7 ದಿನ ಬ್ರಷ್, ದಾರ (ಫ್ಲಾಸ್) ತಾಗಿಸಬಾರದು. ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ, ಟೆಟ್ರಾಸೈಕ್ಲಿನ್ (ಡಾಕ್ಸಿಸೈಕ್ಲಿನ್ ಸೇರಿರುವ ಔಷಧಿ ಗುಂಪು) ಅಲರ್ಜಿ ಇರುವವರಿಗೆ ಇದು ಬೇಡ.

ಇನ್ನು ನ್ಯಾನೋ. ಬೆಳ್ಳಿಯ ಕಣಗಳು ಬಿಡುವ ಅಯಾನುಗಳು ಬ್ಯಾಕ್ಟೀರಿಯಾದ ಪೊರೆಯನ್ನು ಹಾಳುಮಾಡುತ್ತವೆ. ಪ್ರಮಾಣ ಏರಿದರೆ ಮೂಳೆ ಕಟ್ಟುವ ಕೋಶಗಳಿಗೂ ಅದೇ ಗತಿ. ಟೈಟಾನಿಯಂ ಮೇಲೆಯೇ ನ್ಯಾನೋ ಕೊಳವೆ ಬೆಳೆಸಿ ಆ್ಯಂಟಿಬಯಾಟಿಕ್ ತುಂಬುವ ವಿಧಾನವೂ ಇದೆ. ಅದರಲ್ಲಿ ಮದ್ದು ಬಹುಪಾಲು ಆರಂಭದಲ್ಲೇ ಸುರಿದುಹೋಗುತ್ತದೆ. ಮೂಳೆ ಕರಗುವ ಕಾಯಿಲೆಯೋ ಎಷ್ಟೋ ಸಲ ವರ್ಷಗಳ ನಂತರ ಬರುವಂಥದ್ದು! ಈ ಕೆಲಸ ಹೆಚ್ಚಾಗಿ ಪ್ರಯೋಗಾಲಯ, ಪ್ರಾಣಿಗಳ ಹಂತದಲ್ಲೇ ಇದೆ. ನನ್ನ ಮಟ್ಟಿಗೆ, ಅದಕ್ಕೆಂದು ಹೆಚ್ಚು ದುಡ್ಡು ಕೊಡುವ ಕಾಲ ಇನ್ನೂ ಬಂದಿಲ್ಲ.

ನಮ್ಮಲ್ಲಿ ತಪಾಸಣೆ ತಪ್ಪುವುದು ಎರಡು ಹೊತ್ತಿನಲ್ಲಿ: ಕಕ್ಕಡದ (ಆಟಿ ತಿಂಗಳ) ಮಳೆಗೆ, ಕಾಫಿ ಕೊಯ್ಲಿಗೆ. ಅವೆರಡನ್ನೂ ಬಿಟ್ಟು ದಿನ ಗೊತ್ತುಮಾಡಿಕೊಳ್ಳಿ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು 3 ತಿಂಗಳಿಗೊಮ್ಮೆ ತೋರಿಸಬೇಕು. ಪಂದಿಕರಿಯ ಎಳೆ ಕ್ಯಾಪ್ ಬುಡದಲ್ಲಿ ಸಿಕ್ಕಿದರೆ ಕಡ್ಡಿ ಹಾಕಬೇಡಿ. ಹಲ್ಲಿನ ಸಂದಿಗೆ ತೂರಿಸುವ ಸಣ್ಣ ಬ್ರಷ್ಷೇ ಸಾಕು, ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರಬೇಕು ಅಷ್ಟೇ. ತಪಾಸಣೆಗೆ ಬರುವಾಗ ಕ್ಯಾಪ್ ಕೂರಿಸಿದ ದಿನದ ಎಕ್ಸ್-ರೇ ತನ್ನಿ. ಅದಿಲ್ಲದಿದ್ದರೆ ಮೂಳೆ ಎಷ್ಟು ಇಳಿದಿದೆ ಎಂದು ಹೋಲಿಸಿ ನೋಡಲು ಏನೂ ಇರುವುದಿಲ್ಲ.