ಲವ್ ಟ್ರ್ಯಾಕ್ ‘ಹಾಕೋದು’ ಹೇಗೆ ಅಂತ ಕೇಳುವವರಿಗೆ

“ಕತೆ ರೆಡಿ ಇದೆ, ಒಂದು ಲವ್ ಟ್ರ್ಯಾಕ್ ಹಾಕಬೇಕಿತ್ತು. ಹೇಗೆ ಹಾಕೋದು?”

ಹಾಕಬೇಡಿ. ಉತ್ತರ ಮುಗಿಯಿತು.

ಸಾಲದು ಅನ್ನುವವರು ಮುಂದೆ ಓದಿ. ನನಗೆ ಸಿಟ್ಟು ಬರೋದು ಆ ‘ಹಾಕೋದು’ ಅನ್ನುವ ಮಾತಿಗೆ. ಸಾರು ಕುದ್ದಮೇಲೆ ಒಗ್ಗರಣೆ ಹಾಕಿದ ಹಾಗೆ, 200 ಪುಟ ಬರೆದಮೇಲೆ ಪ್ರೇಮ ಹಾಕುತ್ತಾರಂತೆ. ನಿಮ್ಮ ಕತೆಯಿಂದ ನಾಯಕಿಯನ್ನು ಒಮ್ಮೆ ತೆಗೆದು ನೋಡಿ. ಕೊನೆಯ ಅಧ್ಯಾಯ ಒಂದಿಷ್ಟೂ ಅಲ್ಲಾಡದಿದ್ದರೆ ಆಕೆ ಗೋಡೆಯ ಮೇಲಿನ ಕ್ಯಾಲೆಂಡರ್. ಕಣ್ಣಿಗೆ ಹತ್ತು ಉಪಮೆ ಕೊಟ್ಟರೂ ಕ್ಯಾಲೆಂಡರೇ.

ಇದರ ತಮ್ಮನಂಥ ಪ್ರಶ್ನೆ ಇನ್ನೊಂದಿದೆ: ಪ್ರಪೋಸ್ ಸೀನ್ ಕ್ಲೈಮ್ಯಾಕ್ಸ್‌ನಲ್ಲೇ ಇರಬೇಕಲ್ವಾ? ಜೇನ್ ಆಸ್ಟಿನ್ ಬರೆದ 1813ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿ ಬಿಚ್ಚಿ. ಒಟ್ಟು 61 ಅಧ್ಯಾಯ. 34ನೆಯದರಲ್ಲೇ ನಾಯಕ ಡಾರ್ಸಿ ಮದುವೆಯಾಗ್ತೀಯಾ ಅಂತ ಕೇಳಿಬಿಡುತ್ತಾನೆ, ನಾಯಕಿ ಎಲಿಜಬೆತ್ ಮುಖಕ್ಕೆ ಹೊಡೆದ ಹಾಗೆ ಆಗಲ್ಲ ಅನ್ನುತ್ತಾಳೆ. ಕಾರಣ ಗಟ್ಟಿಯಿದೆ: ಅವಳ ಅಕ್ಕನ ಸಂಬಂಧ ತಪ್ಪಿಸಿದವನು ಇವನೇ. ಮರುದಿನ ಅವನ ಕಾಗದ ಬರುತ್ತದೆ. ಅದನ್ನು ಮತ್ತೆ ಮತ್ತೆ ಓದುತ್ತ ಅವಳಿಗೆ ತನ್ನ ಅಂದಾಜಿನ ಮೇಲೇ ನಂಬಿಕೆ ಹೋಗುತ್ತದೆ. ಉಳಿದ 27 ಅಧ್ಯಾಯ ಓಡುವುದು ಆ ‘ಆಗಲ್ಲ’ದ ಬಲದಿಂದ. ನಮ್ಮ ಹಸ್ತಪ್ರತಿಗಳಲ್ಲಿ ಮನಸ್ತಾಪ ಅಂದರೆ ಒಂದು ಫೋನ್ ಮಾಡಿದರೆ ಮುಗಿಯುವಂಥದ್ದು. ಮುಗಿಯಬಾರದಲ್ಲ, ಅದಕ್ಕೆ ಫೋನ್ ಸ್ವಿಚ್ ಆಫ್.

ಯಾರಾದರೂ ಒಬ್ಬರು ಹೀಗೆ ಕೇಳಬಾರದೆ: “ಇವರಿಬ್ಬರೂ ಒಂದಾದರೆ ಯಾರಿಗೆ ಏನು ನಷ್ಟ?”

ಒಂದು ಅಡಿಕೆ ತೋಟ ಇಟ್ಟುಕೊಳ್ಳಿ. ಅಳೆಯಲು ಬಂದ ಸರ್ವೇಯರ್, ತೋಟದ ಯಜಮಾನಿ. ಅವನ ಅಳತೆ ಸರಿಯಾದರೆ ಅವಳ ಬಾವಿ ಪಕ್ಕದವರ ಪಾಲು. ತಪ್ಪು ಬರೆದುಕೊಟ್ಟರೆ ಅವನ ನೌಕರಿಗೆ ಸಂಚಕಾರ, ಜೊತೆಗೆ ಅವಳು ಮೆಚ್ಚಿದ್ದ ನೇರವಂತಿಕೆಗೂ. ಈಗ ‘ಪ್ರೀತಿ’ ಅನ್ನುವ ಪದ ಮುಟ್ಟದೆ ಬರೆಯಿರಿ. ಮೊದಲ ದಿನ ಜಗಲಿಯಲ್ಲಿ ಬೆಲ್ಲ, ನೀರು. ಗಡಿಗೆ ಗೂಟ ಹೊಡೆದ ಮರುದಿನ ಬರೀ ನೀರು. ಮೂರನೆಯ ದಿನ ಯಾರೂ ಕೇಳದಿದ್ದರೂ ಅವನು ಮತ್ತೆ ಟೇಪು ಬಿಚ್ಚುತ್ತಾನೆ. ಇನ್ನೊಂದು ತುದಿ ಹಿಡಿಯಲು ಅವಳೇ ತೋಟಕ್ಕೆ ಇಳಿಯುತ್ತಾಳೆ. ಅಳತೆ ಮೊದಲಿನಷ್ಟೇ ಬರುತ್ತದೆ. ಬರಲೇಬೇಕು, ಅಲ್ಲಿ ದಯೆ ತೋರಿಸಿದಿರೋ ಕತೆ ಸತ್ತಿತು. ಟೇಪು ಸುತ್ತಿಕೊಳ್ಳುತ್ತ ಅವನು ಅವಳತ್ತ ಬರುತ್ತಿದ್ದಾನೆ. ಅವಳು ತುದಿ ಬಿಟ್ಟಿಲ್ಲ. ಎರಡು ಮೀಟರ್ ಉಳಿದಾಗ ಸೀನ್ ನಿಲ್ಲಿಸಿ.

ಮಳೆ ಸುರಿಸಬೇಡಿ.