ತಪಾಸಣೆ ಬೇಡ ಅಂದಿಲ್ಲ, ಹೀಗೆ ಬೇಡ ಅಂದೆವು

ಕಲಬುರಗಿಯ ವಿಮಾನ ನಿಲ್ದಾಣ ಉದ್ಘಾಟನೆ ಆಗಿದ್ದು 2019ರ ನವೆಂಬರ್ 22ರಂದು. ಸೇಡಂ ರಸ್ತೆಯಲ್ಲಿ, ಶ್ರೀನಿವಾಸ ಸರಡಗಿ ಹತ್ತಿರ. ಮರುವರ್ಷ ಫೆಬ್ರುವರಿಯಲ್ಲಿ ಬೀದರಿನಿಂದಲೂ ವಿಮಾನ ಹಾರಿತು. ನಮ್ಮ ಕಡೆಯ ಎಷ್ಟೋ ಹಿರಿಯರು ವಿಮಾನ ಹತ್ತಿದ್ದು ಆಮೇಲೆಯೇ. ಹಾಗಾಗಿ ಸೆಕ್ಯುರಿಟಿ ಚೆಕ್ ಅನ್ನೋದನ್ನು ಅವರು ನೋಡಿದ್ದೂ ಆಮೇಲೆಯೇ. ಸೊಂಟದ ಸಂಚಿಯಲ್ಲಿದ್ದ ಅಡಕತ್ತರಿ ತೆಗೆದಿಟ್ಟುಕೊಂಡರೆ ನಮ್ಮ ಮಂದಿ ಸ್ವಲ್ಪ ಗೊಣಗಿ ಸುಮ್ಮನಾಗುತ್ತಾರೆ. ಕೊರಳಲ್ಲಿರುವ ಲಿಂಗದ ವಿಷಯ ಹಾಗಲ್ಲ.

ನಮ್ಮ ಅತ್ತೆ ದಿನಾ ಲಿಂಗಪೂಜೆ ಮಾಡುವವರು. ಇಷ್ಟಲಿಂಗ ಬೆಳ್ಳಿಯ ಕರಡಿಗೆಯಲ್ಲಿರುತ್ತದೆ, ಶಿವದಾರದಲ್ಲಿ ಕೊರಳಿಂದ ಎದೆ ಮೇಲೆ ಇಳಿದಿರುತ್ತದೆ. ಸ್ನಾನ ಮಾಡುವಾಗಲೂ ಮೈಯಿಂದ ದೂರ ಇಡುವುದಿಲ್ಲ. ಬೇರೆಯವರು ಮುಟ್ಟುವಂತಿಲ್ಲ. ಬೆಳ್ಳಿ ಅಂದ ಮೇಲೆ ಮೆಟಲ್ ಡಿಟೆಕ್ಟರ್ ಕೂಗಲೇಬೇಕು. ಅದರಲ್ಲಿ ಯಾರ ತಪ್ಪೂ ಇಲ್ಲ.

ಕಳೆದ ವರ್ಷ ಅವರನ್ನು ಉತ್ತರದ ಕಡೆ ಯಾತ್ರೆಗೆ ಕರೆದುಕೊಂಡು ಹೋಗಿದ್ದೆವು. ವಾಪಸ್ ಬರುವಾಗ ಒಂದು ದೊಡ್ಡ ವಿಮಾನ ನಿಲ್ದಾಣದಲ್ಲಿ ಇದು ನಡೆಯಿತು. ಯಾವ ಊರು ಅಂತ ಬರೆಯುವುದಿಲ್ಲ. ನಮ್ಮ ಜಗಳ ಆ ಊರಿನ ಜೊತೆ ಅಲ್ಲ. ಹೆಣ್ಣುಮಕ್ಕಳ ಸಾಲಿನಲ್ಲಿ ಅತ್ತೆ ಮುಂದೆ, ನಾನು ಹಿಂದೆ. ನಮ್ಮನೆಯವರು ಗಂಡಸರ ಸಾಲಿನಲ್ಲಿ ಆಗಲೇ ಆಚೆ ದಾಟಿದ್ದರು. ಪರದೆಯ ಒಳಗೆ ತಪಾಸಣೆ ಮಾಡುವ ಹುಡುಗಿ ಕರಡಿಗೆ ನೋಡಿ, ಅದನ್ನು ತೆಗೆದು ಟ್ರೇನಲ್ಲಿ ಇಟ್ಟು ಎಕ್ಸ್‌ರೇ ಯಂತ್ರಕ್ಕೆ ಕಳಿಸಿ ಅಂದಳು. ಅತ್ತೆ ಆಗಲ್ಲ ಅಂದರು. ನಮ್ಮ ಕಲಬುರಗಿಯವರಿಗೆ ಹಿಂದಿ ಹೊಸದಲ್ಲ, ಬಜಾರಿನ ಹಿಂದಿ ಎಲ್ಲರಿಗೂ ಬರುತ್ತದೆ. ಅತ್ತೆಯೂ ಅದರಲ್ಲೇ ಹೇಳಿದರು. ನಮ್ಮ ಮಾತಿಗೆ ತಂದರೆ ಹೀಗಾಗುತ್ತದೆ: "ತಂಗಿ, ಇದು ದಾಗಿನ ಅಲ್ಲ, ಲಿಂಗ ಅದ. ನಾನೇ ತಗದು ತೋರಸ್ತೀನಿ. ನೀ ಮುಟ್ಟಬ್ಯಾಡ."

ಹಿಂದೆ ಸಾಲು ಬೆಳೆಯುತ್ತಿತ್ತು. ಹುಡುಗಿಗೂ ಅವಸರ. ಮಾತು ಮುಗಿಯುವ ಮೊದಲೇ ಅವಳು ಕೈ ಚಾಚಿ ಕರಡಿಗೆ ಹಿಡಿದಳು. ಅತ್ತೆ ಎರಡೂ ಕೈ ಎದೆಗೆ ಒತ್ತಿಕೊಂಡು ಹಿಂದೆ ಸರಿದರು. ಅವರ ಮುಖ ಹಾಗೆ ಬಿಳುಚಿದ್ದನ್ನು ನಾನು ಮೊದಲು ನೋಡಿರಲಿಲ್ಲ.

ಆಮೇಲೆ ಅವರು ಮಾಡಿದ್ದೇ ನನಗೆ ಮುಖ್ಯ ಅನಿಸುತ್ತದೆ. ಕೂಗಲಿಲ್ಲ. ಅಳಲಿಲ್ಲ. ಪರದೆಯಿಂದ ಹೊರಗೆ ಬಂದು ಪಕ್ಕದಲ್ಲಿದ್ದ ಕುರ್ಚಿ ಮೇಲೆ ಕೂತರು. "ನಾ ಮುಂದೂ ಹೋಗಂಗಿಲ್ಲ, ಹಿಂದೂ ಹೋಗಂಗಿಲ್ಲ. ದೊಡ್ಡವರಿಗಿ ಕರೀರಿ" ಅಂದರು. ಹಿಂದಿನವರಿಗೆ ದಾರಿ ಬಿಟ್ಟಿದ್ದರು, ಹಾಗಾಗಿ ಸಾಲು ನಿಲ್ಲಲಿಲ್ಲ. ನಾನು ಪಕ್ಕದಲ್ಲಿ ನಿಂತು ಅದನ್ನೇ ಮತ್ತೆ ಮತ್ತೆ ಹೇಳಿದೆ: ಚೆಕ್ ಮಾಡಿ, ಪೂರ್ತಿ ಮಾಡಿ. ಆದರೆ ಅವರ ಕೈಯಲ್ಲೇ ತೆಗೆಯಲು ಬಿಡಿ.

ಒಬ್ಬ ಹಿರಿಯ ಮಹಿಳಾ ಅಧಿಕಾರಿ ಬಂದರು. ಎಲ್ಲ ಕೇಳಿಸಿಕೊಂಡರು. ಅತ್ತೆಯನ್ನು ಒಂದು ಸಣ್ಣ ಕೋಣೆಗೆ ಕರೆದುಕೊಂಡು ಹೋದರು, ನನಗೂ ಬರಲು ಹೇಳಿದರು. ಅತ್ತೆ ತಾವೇ ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು ತೋರಿಸಿದರು. ಅಧಿಕಾರಿ ಬಗ್ಗಿ ನೋಡಿದರು, ಮುಟ್ಟಲಿಲ್ಲ. ಖಾಲಿ ಕರಡಿಗೆಯ ಮೇಲೆ ಒಂದು ಸಣ್ಣ ಪಟ್ಟಿ ಒರೆಸಿ ಯಂತ್ರಕ್ಕೆ ಹಾಕಿದರು. ಸ್ಫೋಟಕದ ಕಣ ಇದ್ದರೆ ಆ ಯಂತ್ರ ಹೇಳುತ್ತದೆ. ಏನೂ ಇರಲಿಲ್ಲ. ಇಷ್ಟೇ ಕೆಲಸ. ಇದನ್ನು ಮೊದಲೇ ಮಾಡಬಹುದಿತ್ತು ಅಲ್ವಾ?

ಹೈದರಾಬಾದಿಗೆ ಇಳಿದು ಅಲ್ಲಿಂದ ರೈಲಿನಲ್ಲಿ ಬಂದೆವು. ತಾಂಡೂರು ದಾಟಿತು, ವಾಡಿ ಬಂತು, ಅತ್ತೆ ಒಂದು ಗುಟುಕು ನೀರೂ ಕುಡಿಯಲಿಲ್ಲ. ಮನೆಗೆ ಬಂದು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿದ ಮೇಲೆಯೇ ಬಾಯಿಗೆ ಏನಾದರೂ ಹಾಕಿಕೊಂಡದ್ದು.

ಮರುದಿನ ಸಂಜೆ ಬ್ರಹ್ಮಪುರದ ನಮ್ಮ ಮನೆಯಲ್ಲಿ ಮಂದಿ ಸೇರಿದರು. ಸುಸಲಾ, ಮಿರ್ಚಿ ಭಜಿ, ಚಹಾ. ಮಾತೆಲ್ಲ ಇದೇ. ಮೈದುನನಿಗೆ ಸಿಟ್ಟು ನೆತ್ತಿಗೇರಿತ್ತು. "ವೈನಿ, ನೀವು ವಿಡಿಯೋ ಮಾಡಬೇಕಿತ್ತು. ಒಂದೇ ದಿನದಾಗ ಇಡೀ ದೇಶಕ್ಕ ಗೊತ್ತಾಗ್ತಿತ್ತು" ಅಂದ. ತಪಾಸಣೆ ನಡೆಯುವ ಜಾಗದಲ್ಲಿ ಫೋಟೊ, ವಿಡಿಯೋ ತೆಗೆಯುವಂತಿಲ್ಲ. ತೆಗೆದಿದ್ದರೆ ತಪ್ಪು ನಮ್ಮ ಕಡೆ ಬಂದು ಕೂರುತ್ತಿತ್ತು. ಅದಕ್ಕಿಂತ ದೊಡ್ಡ ಉತ್ತರ ಅತ್ತೆ ಕೊಟ್ಟರು: "ನನ್ನ ಲಿಂಗ ಮಂದಿ ಮೊಬೈಲಿನಾಗ ತಿರಗಾಡೋದು ಬ್ಯಾಡಪಾ."

ಅವನು ಬಿಡಲಿಲ್ಲ. ಅಮೆರಿಕದ ಉದಾಹರಣೆ ತೆಗೆದ. ಅಲ್ಲಿ ಮೈಯ ಆಕಾರವೇ ಕಾಣಿಸುವಂಥ ಸ್ಕ್ಯಾನರ್ ಹಾಕಿದಾಗ, 2010ರ ನವೆಂಬರ್ 24ರಂದು ಎಲ್ಲರೂ ಸ್ಕ್ಯಾನರ್ ಬೇಡ ಅನ್ನಿ, ಕೈಯಿಂದಲೇ ತಪಾಸಣೆ ಮಾಡಿ ಅನ್ನಿ ಅಂತ ಒಂದು ಕರೆ ಹೋಗಿತ್ತು. ಹಬ್ಬದ ಹಿಂದಿನ ದಿನ, ಊರಿಗೆ ಹೋಗುವವರ ನೂಕುನುಗ್ಗಲು. ಸಾಲು ನಿಂತು ಹೋಗಲಿ ಅನ್ನೋದು ಲೆಕ್ಕ. ಆದರೆ ಆ ದಿನ ಬೇಡ ಅಂದವರು ಕಡಿಮೆ, ಸಾಲುಗಳು ಹೆಚ್ಚು ಕಡಿಮೆ ಎಂದಿನಂತೆ ನಡೆದವು. ಅದೇ ವಿಷಯಕ್ಕೆ ಕೋರ್ಟಿಗೆ ಹೋದವರಿದ್ದರು. ಜನರ ಅಭಿಪ್ರಾಯ ಕೇಳದೆ ಇಂಥ ಯಂತ್ರ ತಂದದ್ದು ಸರಿಯಲ್ಲ ಅಂತ 2011ರಲ್ಲಿ ಅಲ್ಲಿನ ಕೋರ್ಟು ಹೇಳಿತು. ಆಮೇಲೆ ಸಂಸತ್ತು ಗಡುವು ಹಾಕಿತು. ಬೆತ್ತಲೆ ಚಿತ್ರ ತೋರಿಸುವ ಆ ಯಂತ್ರಗಳು 2013ರಲ್ಲಿ ಹೋದವು. ಕರೆ ಕೊಟ್ಟದ್ದರಿಂದ ವಿಷಯ ಜನರ ಬಾಯಿಗೆ ಬಂತು, ಅದು ನಿಜ. ಯಂತ್ರ ಹೊರಗೆ ಹಾಕಿದ್ದು ಮಾತ್ರ ಕಾಗದ, ಕೋರ್ಟು, ಕಾನೂನು.

ಸಾಲು ನಿಲ್ಲಿಸುವ ಪ್ರತಿಭಟನೆ ನನಗೆ ಒಪ್ಪಿಗೆ ಇಲ್ಲ. ಆ ಸಾಲಿನಲ್ಲಿ ಆಪರೇಷನ್‌ಗೆ ಹೋಗುವವರಿರುತ್ತಾರೆ, ಮಣ್ಣಿಗೆ ಹೊರಟವರಿರುತ್ತಾರೆ. ಅವರ ವಿಮಾನ ತಪ್ಪಿಸಿ ನಾವು ಏನು ಗೆದ್ದಂತಾಯಿತು? ತಪಾಸಣೆ ಯಾಕೆ ಬಂತು ಅನ್ನೋದನ್ನೂ ಮರೆಯಬಾರದು. 1976ರಲ್ಲಿ ವಿಮಾನ ಅಪಹರಣ ಆದ ಮೇಲೆ, 1978ರಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ, ಅಂದರೆ ಬಿಸಿಎಎಸ್ ಶುರುವಾಯಿತು. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ವಿಮಾನವನ್ನು ಕಂದಹಾರಕ್ಕೆ ಒಯ್ದರು, ಒಬ್ಬ ಪ್ರಯಾಣಿಕನನ್ನು ಕೊಂದರು. ಅದನ್ನು ಟಿವಿಯಲ್ಲಿ ನೋಡಿದ ನಮ್ಮ ತಲೆಮಾರಿಗೆ ತಪಾಸಣೆ ಬೇಡ ಅನ್ನಲು ಬಾಯಿ ಬರುವುದಿಲ್ಲ. ಬೇರೆಯವರು ತಮಾಷೆಗೆ ಬಾಂಬ್ ಅಂದು ಜೈಲಿಗೆ ಹೋದ ಸುದ್ದಿ ಓದುತ್ತೇವೆ. ಅದು ಪ್ರತಿಭಟನೆಯೂ ಅಲ್ಲ, ತಮಾಷೆಯೂ ಅಲ್ಲ.

ಮಾತಿಗೆ ದಾರಿ ತೋರಿಸಿದ್ದು ನಮ್ಮನೆಯವರ ಗೆಳೆಯ, ಬೀದರಿನ ಸರ್ದಾರ್ಜಿ. ನಾನಕ್ ಝೀರಾ ಗುರುದ್ವಾರದ ಹತ್ತಿರ ಅವರ ಮನೆ, ನಮ್ಮಷ್ಟೇ ಚಂದ ಕನ್ನಡ ಮಾತಾಡುತ್ತಾರೆ. ಅವರು ಕೃಪಾಣದ ವಿಷಯ ಹೇಳಿದರು. ದೇಶದೊಳಗಿನ ವಿಮಾನದಲ್ಲಿ ಸಿಖ್ಖರು ಕೃಪಾಣ ಇಟ್ಟುಕೊಳ್ಳಬಹುದು. ಅಲಗು 6 ಇಂಚು, ಒಟ್ಟು ಉದ್ದ 9 ಇಂಚು ಮೀರಬಾರದು ಅಂತ 2022ರ ಮಾರ್ಚ್‌ನ ಆದೇಶದಲ್ಲಿ ಬರೆದಿದೆ. ಮೊದಲು ಅದರಲ್ಲಿ ವಿಮಾನ ನಿಲ್ದಾಣದ ಸಿಖ್ ಸಿಬ್ಬಂದಿಗೆ ಅವಕಾಶ ಇರಲಿಲ್ಲ. ಸಂಘ ಸಂಸ್ಥೆಗಳು ಆಕ್ಷೇಪ ಬರೆದವು, ಕೆಲವೇ ದಿನದಲ್ಲಿ ಅದೂ ತಿದ್ದುಪಡಿ ಆಯಿತು. "ನೋಡ್ರಿ, ಅಲಗು ಇರೋದಕ್ಕೇ ಇಂಚು ಲೆಕ್ಕ ಹಾಕಿ ದಾರಿ ಮಾಡ್ಯಾರ. ಲಿಂಗಕ್ಕ ಯಾಕ ಆಗಂಗಿಲ್ಲ? ಬರದು ಕೇಳ್ರಿ" ಅಂದರು.

ಪಕ್ಕದ ಮನೆಯ ಮಾಸ್ತರು ಶಬರಿಮಲೆ ನೆನಪು ಮಾಡಿದರು. ಇರುಮುಡಿಯಲ್ಲಿರುವ ತೆಂಗಿನಕಾಯಿಯನ್ನು ಕೈಚೀಲದ ಜೊತೆ ಒಯ್ಯಲು ಬಿಡುತ್ತಿರಲಿಲ್ಲ. 2024ರ ಅಕ್ಟೋಬರಿನಲ್ಲಿ ವಿಮಾನಯಾನ ಸಚಿವ ರಾಮಮೋಹನ ನಾಯ್ಡು ಅದಕ್ಕೆ ಅನುಮತಿ ಕೊಟ್ಟರು, 2025ರ ಜನವರಿ 20ರವರೆಗೆ. ತಪಾಸಣೆ ಆದ ಮೇಲೆಯೇ ಒಳಗೆ, ಅದು ಷರತ್ತು. ನನಗೆ ನೆನಪಾದದ್ದು ನಟಿ, ನೃತ್ಯಗಾರ್ತಿ ಸುಧಾ ಚಂದ್ರನ್. ಪ್ರತಿ ಸಲ ಕೃತಕ ಕಾಲು ಬಿಚ್ಚಿಸುತ್ತಾರೆ ಅಂತ 2021ರ ಅಕ್ಟೋಬರಿನಲ್ಲಿ ಅವರು ಪ್ರಧಾನಿಗೆ ವಿಡಿಯೋದಲ್ಲಿ ಮನವಿ ಮಾಡಿದರು. ಆ ವಿಡಿಯೋ ಗೇಟಿನಲ್ಲಿ ತೆಗೆದದ್ದಲ್ಲ. ತಮ್ಮ ಮಾತನ್ನು ತಾವೇ ಹೇಳಿದ್ದು. ಅವರು ಕೇಳಿದ್ದೂ ಸ್ಪಷ್ಟ: ಹಿರಿಯ ನಾಗರಿಕರಿಗೆ ಒಂದು ಕಾರ್ಡ್ ಕೊಡಿ. ವಿಮಾನ ನಿಲ್ದಾಣದಲ್ಲಿ ತಪಾಸಣೆ ಮಾಡುವ ಕೇಂದ್ರದ ಭದ್ರತಾ ಪಡೆ ಕ್ಷಮೆ ಕೇಳಿತು.

ಆ ರಾತ್ರಿಯೇ ಪತ್ರ ಬರೆಯಲು ಕೂತೆವು. ಮೈದುನನ ಮೊದಲ ಕರಡಿನಲ್ಲಿ ಅವಮಾನ, ದೌರ್ಜನ್ಯ ಅನ್ನುವ ಮಾತುಗಳೇ ಜಾಸ್ತಿ. ಮಾಸ್ತರು ಅದನ್ನೆಲ್ಲ ಹೊಡೆದು ಹಾಕಿದರು. ದಿನಾಂಕ, ವೇಳೆ, ವಿಮಾನದ ನಂಬರ್, ತಪಾಸಣೆ ಸಾಲಿನ ನಂಬರ್ ಮೊದಲು. ಏನಾಯಿತು ಅನ್ನೋದು ನಾಲ್ಕು ಸಾಲಿನಲ್ಲಿ. ಕೊನೆಗೆ ನಮ್ಮ ಬೇಡಿಕೆ. ಇಷ್ಟಲಿಂಗ ಅಂದರೆ ಏನು ಅಂತ ಸಿಬ್ಬಂದಿಯ ತರಬೇತಿಯಲ್ಲಿ ಹೇಳಿಕೊಡಿ. ಯಂತ್ರ ಕೂಗಿದರೆ, ಪರದೆಯ ಒಳಗೆ ಅವರವರ ಕೈಯಿಂದಲೇ ತೆಗೆಸಿ ನೋಡಿ. ಕರಡಿಗೆ ಒರೆಸಿ ಪರೀಕ್ಷೆ ಮಾಡಿ. ಟ್ರೇನಲ್ಲಿ ಇಡಿ ಅಂತ ಒತ್ತಾಯ ಮಾಡಬೇಡಿ. ಆ ಹಿರಿಯ ಅಧಿಕಾರಿ ಹೇಗೆ ನಡೆದುಕೊಂಡರು ಅಂತಲೂ ಬರೆದೆವು, ಯಾಕೆಂದರೆ ಇದು ಆಗದ ಮಾತಲ್ಲ ಅನ್ನೋದಕ್ಕೆ ಅವರೇ ಸಾಕ್ಷಿ. ಅತ್ತೆ ಒಂದು ಮಾತು ಸೇರಿಸಿದರು: ಆ ಹುಡುಗಿ ಮೇಲೆ ಕ್ರಮ ಬೇಡ. "ಅಕಿಗಿ ಯಾರೂ ಹೇಳಿಕೊಟ್ಟಿಲ್ಲ, ಅಕಿ ಏನ್ ಮಾಡ್ತಾಳ?" ನನಗೆ ಆಗ ಇದು ಪೂರ್ತಿ ಒಪ್ಪಿಗೆ ಆಗಿರಲಿಲ್ಲ. ಆದರೆ ಲಿಂಗ ಅವರದು, ನೋವೂ ಅವರದು. ಹಾಗೇ ಬರೆದೆವು.

ಪತ್ರವನ್ನು ವಿಮಾನ ನಿಲ್ದಾಣದ ನಿರ್ದೇಶಕರಿಗೆ, ಬಿಸಿಎಎಸ್‌ಗೆ ಕಳಿಸಿದೆವು. ಏರ್‌ಸೇವಾ ಪೋರ್ಟಲ್‌ನಲ್ಲೂ ದೂರು ಹಾಕಿ ನಂಬರ್ ಬರೆದಿಟ್ಟುಕೊಂಡೆವು. ಪತ್ರದ ಸುದ್ದಿ ನಮ್ಮ ಓಣಿಯಲ್ಲಿ ಹರಡಿದ ಮೇಲೆ, ನಮಗೂ ಹೀಗಾಗಿತ್ತು ಅಂತ ಬಂದವರು ಹಲವರು. ಬುರ್ಖಾ ತೆಗೆಸುವಾಗ ಪರದೆ ಸರಿಯಾಗಿ ಮುಚ್ಚಿರಲಿಲ್ಲ ಅಂತ ಒಬ್ಬ ಅಕ್ಕ ಹೇಳಿದರು. ಅವರಿಗೂ ಬರೆಯಲು ಹೇಳಿದೆ, ಕೂತು ಬರೆಸಿದೆ. ಹೆಣ್ಣುಮಕ್ಕಳನ್ನು ಮಹಿಳಾ ಸಿಬ್ಬಂದಿಯೇ, ಮುಚ್ಚಿದ ಜಾಗದಲ್ಲೇ ತಪಾಸಣೆ ಮಾಡಬೇಕು. ಅದನ್ನು ಕೇಳಲು ಹಿಂಜರಿಯಬೇಕಾಗಿಲ್ಲ.

ನನ್ನದೇ ಇನ್ನೊಂದು ಸಣ್ಣ ಆಕ್ಷೇಪ ಇದೆ. ಮುಖ ನೋಡಿ ಒಳಗೆ ಬಿಡುವ ಡಿಜಿಯಾತ್ರಾ 2022ರ ಡಿಸೆಂಬರ್ 1ರಂದು ಬೆಂಗಳೂರು, ದೆಹಲಿ, ವಾರಾಣಸಿಯಲ್ಲಿ ಶುರುವಾಯಿತು. ಅದು ಕಡ್ಡಾಯ ಅಲ್ಲ. ನನ್ನ ಮುಖವನ್ನು ಯಂತ್ರಕ್ಕೆ ಕೊಡಲು ನನಗೆ ಮನಸ್ಸಿಲ್ಲ. ಹಾಗಾಗಿ ಬೆಂಗಳೂರಿಗೆ ಹೋದಾಗ ಟಿಕೆಟ್, ಆಧಾರ್ ಹಿಡಿದು ಉದ್ದದ ಸಾಲಿನಲ್ಲೇ ನಿಲ್ಲುತ್ತೇನೆ. ಯಾರಾದರೂ ಈ ಕಡೆ ಬನ್ನಿ ಮೇಡಂ ಅಂದರೆ, ಬೇಡ, ಇದು ನನ್ನ ಇಷ್ಟ ಅನ್ನುತ್ತೇನೆ. ಯಾರೂ ಬಲವಂತ ಮಾಡಿಲ್ಲ.

ಪತ್ರಕ್ಕೆ ಒಂದು ಕಡೆಯಿಂದ ಉತ್ತರ ಬಂತು. ತಪಾಸಣೆ ನಿಯಮದಂತೆಯೇ ಆಗಿದೆ, ತೊಂದರೆಗೆ ವಿಷಾದ ಅಂತ. ಮೈದುನ ಅದನ್ನು ಓದಿ ಕಾಗದ ಮೇಜಿನ ಮೇಲೆ ಎಸೆದ. ಮಾಸ್ತರು ಅದನ್ನೇ ಎತ್ತಿಕೊಂಡು, "ನಿಯಮದಂತೆ ಅಂದಾರಲ್ಲ, ಯಾವ ನಿಯಮ ಅಂತ ಕೇಳೋಣು" ಅಂದರು. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ತಪಾಸಣೆ ಮಾಡುವ ಪಡೆಯೂ ಸೇರಿ ಕೇಂದ್ರದ ಭದ್ರತಾ ಪಡೆಗಳು ಆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿವೆ. ಭ್ರಷ್ಟಾಚಾರ, ಮಾನವ ಹಕ್ಕಿನ ಉಲ್ಲಂಘನೆ ಬಿಟ್ಟರೆ ಅವು ಮಾಹಿತಿ ಕೊಡಬೇಕಾಗಿಲ್ಲ. ಅದಕ್ಕೆ ಅರ್ಜಿಯನ್ನು ನಿಯಮ ಮಾಡುವ ಬಿಸಿಎಎಸ್‌ಗೆ ಬರೆದೆವು. ಭದ್ರತೆಯ ಗುಟ್ಟು ಕೇಳಿಲ್ಲ. ಮೈಮೇಲೆ ಧರಿಸುವ ಧಾರ್ಮಿಕ ವಸ್ತುಗಳ ತಪಾಸಣೆಗೆ ಸಿಬ್ಬಂದಿಗೆ ಏನು ಸೂಚನೆ ಇದೆ, ಅದರಲ್ಲಿ ಇಷ್ಟಲಿಂಗದ ಹೆಸರಿದೆಯೇ ಅಂತ ಮಾತ್ರ ಕೇಳಿದ್ದೇವೆ.

ಕಲಬುರಗಿ, ಬೀದರ್, ಯಾದಗಿರಿ ಕಡೆ ಯಾರಿಗಾದರೂ ಇಂಥದ್ದೇ ಆಗಿದ್ದರೆ ನೀವೂ ಬರೆಯಿರಿ. ನಮ್ಮ ಪತ್ರವನ್ನೇ ನಕಲು ಮಾಡಬೇಡಿ. ಒಂದೇ ತರದ ನೂರು ಪತ್ರ ಬಂದರೆ ಒಂದೇ ಅಂತ ಬದಿಗಿಡುತ್ತಾರೆ. ನಿಮ್ಮ ದಿನಾಂಕ, ನಿಮ್ಮ ವಿಮಾನ, ನಿಮಗೆ ಆದದ್ದು ಇರಲಿ. ಬೋರ್ಡಿಂಗ್ ಪಾಸ್ ಬಿಸಾಡಬೇಡಿ, ದೂರಿಗೆ ಅದು ಬೇಕಾಗುತ್ತದೆ.